ಕೆಂಪು ಚುಕ್ಕೆಯ ತಗಡಣ್ಣ

ತಗಡಣ್ಣ ಎಂಬ ಹೆಸರು ಟಾರ್ಪಾಲಕ್ಕನ ಕಿವಿಗೆ ಮೊದಲು ಬಿದ್ದದ್ದು ಅವಳ ಮನೆಯ ಟೈರು ಒಡೆದ ದಿನ. ಮನೆಗೆಲ್ಲಿಯ ಟೈರು ಎಂದು ಕೇಳಬೇಡಿ, ಅವಳ ಮನೆಗೆ ಎರಡು ಚಕ್ರಗಳಿದ್ದವು. ಜೀಪಿನ ಹಿಂದೆ ಸಿಕ್ಕಿಸಿ ಎಳೆಯುವ ಮನೆಗಾಡಿ ಅದು. ಹಿಂಭಾಗದಲ್ಲಿ ಒಂದು ಮಂಚ, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಅಡುಗೆಮನೆ, ಪಕ್ಕದಲ್ಲಿ ಸೋಪು ಹಚ್ಚಿಕೊಳ್ಳುವಾಗ ಮೊಣಕೈ ಗೋಡೆಗೆ ಬಡಿಯುವ ಬಚ್ಚಲು, ಮುಂಭಾಗದಲ್ಲಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ದಪ್ಪ ಬಟ್ಟೆ ಹೊಲಿಯುವ ಯಂತ್ರ. ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆಗೆಲ್ಲ ಹೋಗಿ ಹರಿದ ಟಾರ್ಪಾಲು ಹೊಲಿದುಕೊಡುವುದು ಅವಳ ಕಸುಬು. ಗಂಡ ಇದ್ದಾಗ ಅದು ಇಬ್ಬರ ಕಸುಬಾಗಿತ್ತು. ಅವನು ಹೋಗಿ ಮೂರು ವರ್ಷವಾಗಿತ್ತು. ಒಂದು ಲಾರಿ ನಿಲ್ದಾಣದಿಂದ ಇನ್ನೊಂದಕ್ಕೆ ಮನೆಯನ್ನು ಎಳೆದುಕೊಂಡು ಹೋಗಿ ಬಿಡುತ್ತಿದ್ದವನು ಗಂಡನ ತಮ್ಮ, ಅವಳ ಮೈದುನ. ಜೀಪು ಅವನದು.

ಅವತ್ತು ಮಟಮಟ ಮಧ್ಯಾಹ್ನ. ಟಾರ್ಪಾಲಕ್ಕ ಜೀಪಿನ ಮುಂದಿನ ಸೀಟಿನಲ್ಲಿ ಚಹಾದ ಫ್ಲಾಸ್ಕನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಹಿಂದಿನಿಂದ ಢಬ್ ಎಂದು ಸದ್ದಾಯಿತು. ಅದರ ಬೆನ್ನಿಗೇ ಯಾರೋ ಮನೆಯ ಅಡಿಯಲ್ಲಿ ಕೂತು ನೆಲಕ್ಕೆ ಬಾರುಕೋಲಿನಿಂದ ಬಾರಿಸಿದ ಹಾಗೆ ಪಟಪಟಪಟ. ಮೈದುನ ಜೀಪು ನಿಲ್ಲಿಸುವಷ್ಟರಲ್ಲಿ ರಸ್ತೆಯ ಮೇಲೆ ಒದ್ದೆ ಗೆರೆಯೊಂದು ಮೂಡಿಬಿಟ್ಟಿತ್ತು. ಇಳಿದು ಬಗ್ಗಿ ನೋಡಿದರೆ ಟೈರು ಚಿಂದಿ. ಅದರ ಚಿಂದಿಗಳು ಸುತ್ತುವಾಗ ಅಡಿಯ ಪೈಪುಗಳಿಗೆಲ್ಲ ಹೊಡೆದಿದ್ದವು. ಬಚ್ಚಲ ಪೈಪು ಮೂರು ತುಂಡು. ಬಳಸಿದ ನೀರಿನ ತೊಟ್ಟಿಯ ವಾಲ್ವು ಕಿತ್ತು ನೇತಾಡುತ್ತಿತ್ತು. ಬೆಳಗ್ಗೆ ಅವಳೇ ಬಕೆಟ್ಟು ಬಕೆಟ್ಟಾಗಿ ತುಂಬಿಸಿದ ಒಳ್ಳೆಯ ನೀರೂ, ಪಾತ್ರೆ ತೊಳೆದ ಸೋಪಿನ ನೊರೆಯೂ ಒಂದಾಗಿ ಡಾಂಬರಿನ ಮೇಲೆ ಹರಿಯುತ್ತಿದ್ದವು.

"ಅತ್ತಿಗೆ, ಇದು ಎರಡನೇ ಸಲ," ಎಂದ ಮೈದುನ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. "ಹೋದ ವರ್ಷ ಎಡಗಡೆ, ಈಗ ಬಲಗಡೆ. ಒಂದೊಂದು ಸಲ ಒಡೆದಾಗ್ಲೂ ಹದಿನೈದು ದಿನ ನೀವು ನೀರಿಲ್ದೆ, ಕೆಲಸ ಇಲ್ದೆ ರಸ್ತೆ ಪಕ್ಕ. ನನಗೂ ಸಾಕಾಗಿದೆ. ಆ ಜೆರಾಕ್ಸಿನವನು ಕೇಳ್ತಾನೇ ಇದಾನೆ. ಕೊಟ್ಟುಬಿಡೋಣ."

ಜೆರಾಕ್ಸಿನವನು ಎಂದರೆ ಕಚೇರಿಗಳ ಎದುರು ಕಾಗದದ ನಕಲು ತೆಗೆದುಕೊಡುವ ಒಬ್ಬ ಆಸಾಮಿ. ಚಕ್ರ ಬಿಚ್ಚಿ, ಮನೆಗಾಡಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಅಂಗಡಿ ಮಾಡಿಕೊಳ್ಳುತ್ತೇನೆಂದು ಮೈದುನನ ಬೆನ್ನು ಬಿದ್ದಿದ್ದ. ಮೈದುನನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಇತ್ತು. ಅಲ್ಲಿ ಅತ್ತಿಗೆ ಹಾಯಾಗಿರಬಹುದು ಎಂದು ಅವನ ಹೆಂಡತಿ ಎರಡು ಸಲ ಸುಣ್ಣ ಬಳಿಸಿದ್ದಳು. ಕೋಣೆ ಕೆಟ್ಟದ್ದೇನೂ ಅಲ್ಲ. ಟಾರ್ಪಾಲಕ್ಕ ಹೋಗಿ ನೋಡಿಯೂ ಬಂದಿದ್ದಳು. ನೋಡಿದ್ದಷ್ಟೇ ಅಲ್ಲ, ಬಾಗಿಲನ್ನು ಗೇಣಿನಲ್ಲಿ ಅಳೆದಿದ್ದಳು. ಅವಳ ಹೊಲಿಗೆ ಯಂತ್ರ ಆ ಬಾಗಿಲಲ್ಲಿ ಹೋಗುವಂತಿರಲಿಲ್ಲ.

"ಕೊಡಲ್ಲ," ಎಂದಳು.

"ಮತ್ತೆ ಒಡೆದ್ರೆ?"

"ಒಡೆದಾಗ ನೋಡೋಣ."

"ಮೂರನೇ ಸಲ ಪೈಪು ಒಡೆದ್ರೆ ಇಟ್ಟಿಗೆ ಮೇಲೆ ಹೋಗುತ್ತೆ. ಆಗ ನೀವು ಮಾತಾಡಬಾರದು. ಸರೀನಾ?"

ಬಿಸಿಲು, ನೀರು, ಸೋಪಿನ ನೊರೆ. ಅವಳು ಸಿಟ್ಟಿನಲ್ಲಿ "ಸರಿ" ಎಂದುಬಿಟ್ಟಳು.

ಅಷ್ಟರಲ್ಲಿ ಮುಂದಿನ ಕೂಡುರಸ್ತೆಯ ಟೈರ್ ಅಂಗಡಿಯವನು ಜಾಕು ಹಿಡಿದುಕೊಂಡು ಬಂದ. ಅಡಿಗೆ ಟಾರ್ಚು ಬಿಟ್ಟವನೇ ನಗತೊಡಗಿದ.

"ಏನಪ್ಪಾ, ನಮ್ಮ ಮನೆ ಒಡೆದಿದ್ದು ನಿನಗೆ ತಮಾಷೆ ಆಯ್ತಾ?" ಎಂದಳು ಟಾರ್ಪಾಲಕ್ಕ.

"ಅಯ್ಯೋ ಅದಕ್ಕಲ್ಲಮ್ಮ. ಇಲ್ಲಿ ನೋಡಿ. ಕೆಂಪು ಚುಕ್ಕೆ."

ಚಕ್ರದ ಹಿಂದೆ, ಅಡಿಯ ಕಬ್ಬಿಣದ ತೊಲೆಯ ಮೇಲೆ, ಹೆಬ್ಬೆಟ್ಟಿನಷ್ಟು ಅಗಲದ ಕೆಂಪು ಬಣ್ಣದ ಚುಕ್ಕೆ. ಹನ್ನೊಂದು ವರ್ಷ ಆ ಮನೆಯಲ್ಲಿ ಬಾಳಿದವಳು ಅದನ್ನು ನೋಡಿರಲಿಲ್ಲ. ತನ್ನ ಮನೆಯ ತಳವನ್ನು ಯಾರು ತಾನೇ ನೋಡುತ್ತಾರೆ?

"ಈ ಚುಕ್ಕೆ ಇಟ್ಟವನು ಇಂಥ ಗಾಡಿಗಳನ್ನೇ ಹುಡುಕ್ತಾ ಇದಾನೆ. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಶೆಡ್ಡು. ತಗಡಣ್ಣ ಅಂತ ಕೇಳಿ. ಸ್ವಲ್ಪ ತಲೆ ಕೆಟ್ಟ ಮನುಷ್ಯ. ಆದ್ರೆ ಕೈ ಕೆಟ್ಟಿಲ್ಲ."

* * *

ಮಾರನೆಯ ದಿನ ಟಾರ್ಪಾಲಕ್ಕ ಆ ಶೆಡ್ಡಿಗೆ ಹೋದಾಗ ಅವಳಿಗೆ ಸಿಕ್ಕಿದ್ದು ಎರಡು ಕಾಲುಗಳು. ಉಳಿದ ಮನುಷ್ಯ ಒಂದು ಹಳೆಯ ಮನೆಗಾಡಿಯ ಅಡಿಯಲ್ಲಿದ್ದ. ಒಂದು ಪಾದದಲ್ಲಿ ಕಾಲುಚೀಲ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ತಗಡಣ್ಣ ಅಂದ್ರೆ ನೀವೇನಾ?" ಎಂದು ಅವಳು ಕಾಲುಗಳನ್ನು ಕೇಳಿದಳು.

"ಕಾಲು ನೋಡಿದ್ರೆ ಗೊತ್ತಾಗಲ್ವಾ?" ಎಂದು ಒಳಗಿನಿಂದ ಬಂತು. "ಚುಕ್ಕೆ ಯಾವ ಕಡೆ?"

"ನಾನಿನ್ನೂ ಏನೂ ಹೇಳೇ ಇಲ್ಲ!"

"ಚಹಾ ಕುಡಿಯೋಕೆ ಯಾರೂ ಇಲ್ಲಿಗೆ ಬರಲ್ಲ ತಂಗಿ. ಚುಕ್ಕೆ ಯಾವ ಕಡೆ?"

"ಬಲಗಡೆ. ಚಕ್ರದ ಹಿಂದೆ, ತೊಲೆ ಮೇಲೆ."

ಕಾಲುಗಳು ಮಡಚಿಕೊಂಡವು. ಆಮೇಲೆ ಮೆಲ್ಲಗೆ ಮನುಷ್ಯ ಹೊರಗೆ ಬಂದ. ಅರವತ್ತೈದು ದಾಟಿದವನು, ಸಣಕಲು ದೇಹ, ಮುಖದ ತುಂಬ ತುಕ್ಕಿನ ಪುಡಿ, ತಂತಿಯಲ್ಲಿ ಕಟ್ಟಿದ ಕನ್ನಡಕ. ಎದ್ದು ನಿಲ್ಲಲಿಲ್ಲ. ನೆಲದ ಮೇಲೆ ಹಾಗೇ ಕೂತು, "ಹಾಗಾದ್ರೆ ನಿನ್ನ ಮನೆ ಕೆಡಿಸಿದವನು ನಾನೇ," ಎಂದ.

ಕಥೆಯನ್ನು ಅವನೇ ಹೇಳಿದ. ಮನೆಗಾಡಿ ಮಾಡುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪೈಪು ಜೋಡಿಸುವ ಕೆಲಸ ಅವನದು. ಅಡುಗೆಮನೆಯ ಪೈಪು, ಬಚ್ಚಲ ಪೈಪು, ತೊಟ್ಟಿಯ ವಾಲ್ವು, ಎಲ್ಲವನ್ನೂ ನಕ್ಷೆಯಲ್ಲಿ ಚಕ್ರದ ಬೆನ್ನಿಗೇ ತಂದು ನಿಲ್ಲಿಸಿದ್ದರು. ದಾರಿ ಹತ್ತಿರ, ಪೈಪು ಕಡಿಮೆ ಸಾಕು, ಅಷ್ಟೇ ಕಾರಣ. ಟೈರು ಒಡೆದರೆ ಅದರ ಚರ್ಮ ಬಿಚ್ಚಿಕೊಂಡು ಮೊದಲು ಹೊಡೆಯುವುದೇ ಅಲ್ಲಿಗೆ ಎಂದು ಅವನಿಗೆ ಮೊದಲ ವಾರವೇ ಹೊಳೆದಿತ್ತು. ಮೇಲಿನವನಿಗೆ ಹೇಳಿದ. ಮೇಲಿನವನು, "ಟೈರು ನಾವು ಮಾಡ್ತೀವಾ? ಇಲ್ಲ ತಾನೇ? ನಕ್ಷೆಯಲ್ಲಿ ಇರೋ ಹಾಗೆ ಹಾಕು," ಎಂದ. ಹಾಕಿದ. ಹಾಕಿದಾಗಲೆಲ್ಲ ಪಕ್ಕದ ತೊಲೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟ.

"ಯಾಕೆ?" ಎಂದಳು ಟಾರ್ಪಾಲಕ್ಕ.

"ಒಂಬತ್ತನೇ ವರ್ಷ ಚುಕ್ಕೆ ಮೇಲಿನವನ ಕಣ್ಣಿಗೆ ಬಿತ್ತು, ಅವನೂ ಅದನ್ನೇ ಕೇಳಿದ. ತಪ್ಪು ಎಲ್ಲಿದೆ ಅಂತ ನಾಳೆ ಯಾರಾದ್ರೂ ಹುಡುಕಬೇಕಾದ್ರೆ ಸುಲಭ ಆಗ್ಲಿ ಸಾರ್ ಅಂದೆ. ಆ ಸಂಜೆಯೇ ನನ್ನ ಊಟದ ಡಬ್ಬಿ ಕೈಗೆ ಕೊಟ್ಟು ಗೇಟಿನ ಹೊರಗೆ ಬಿಟ್ರು."

"ಮೊದಲನೇ ಗಾಡೀಲೇ ಹಾಕಲ್ಲ ಅಂತ ಹೇಳಬೇಕಿತ್ತು," ಎಂದಳು. ಅವಳಿಗೆ ಬಾಯಿಗೆ ಬಂದದ್ದನ್ನು ನುಂಗಿ ಅಭ್ಯಾಸವಿರಲಿಲ್ಲ.

ತಗಡಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ತುಕ್ಕು ಇನ್ನಷ್ಟು ಹರಡಿತು. "ಹೌದು," ಎಂದ. "ಹೇಳಲಿಲ್ಲ. ಅದಕ್ಕೇ ಈಗ ಅಡಿಯಲ್ಲಿ ಮಲಗಿದೀನಿ."

* * *

ಹೀಗೆ ಕೆಲಸ ಶುರುವಾಯಿತು. ಅವನು ಕೆಲಸ ಮಾಡುವ ರೀತಿಯೇ ಬೇರೆ. ಅಡಿಯಲ್ಲಿ ಚಾಪೆ ಹಾಸಿಕೊಂಡು ಮಲಗುವನು. ಮನೆಯವರು ಮೇಲೆ, ಒಳಗಿರಬೇಕು. ಅವನು ಸ್ಪ್ಯಾನರಿನಿಂದ ನೆಲಕ್ಕೆ ಕೆಳಗಿನಿಂದ ಒಂದು ಸಲ ಕುಟ್ಟಿದರೆ ನಲ್ಲಿ ತಿರುಗಿಸಬೇಕು, ಎರಡು ಸಲ ಕುಟ್ಟಿದರೆ ನಿಲ್ಲಿಸಬೇಕು. ಮೇಲಿನವರು ಹಿಮ್ಮಡಿಯಿಂದ ನೆಲಕ್ಕೆ ಒಂದು ಬಾರಿ ತುಳಿದು ಆಯಿತು ಎನ್ನಬೇಕು. ಕೂಗಾಡುವ ಹಾಗಿಲ್ಲ. ಕೂಗಿದರೆ ನೀರು ತೊಟ್ಟಿಕ್ಕುವ ಸದ್ದು ತನಗೆ ಕೇಳುವುದಿಲ್ಲ ಎನ್ನುವನು. ಎರಡು ದಿನ ಹಾಗೆ ಕುಟ್ಟಿ ತುಳಿದು, ಕುಟ್ಟಿ ತುಳಿದು, ಟಾರ್ಪಾಲಕ್ಕನಿಗೆ ಹಿಮ್ಮಡಿ ನೋವು ಬಂತು.

ಅವಳಿಗೆ ಅಕ್ಷರ ಅಷ್ಟಕ್ಕಷ್ಟೇ. ಎರಡನೆಯ ತರಗತಿಗೆ ಶಾಲೆ ಮುಗಿದಿತ್ತು. ಆದರೆ ಅಳತೆಯವಳಾದ್ದರಿಂದ ಅಂಕಿ ಚೆನ್ನಾಗಿ ಬರುತ್ತಿತ್ತು. ತಗಡಣ್ಣ ಅವಳನ್ನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ ಟೈರಿನ ಕೆನ್ನೆಯ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದ.

"ಮೊದಲ ಎರಡು, ಹುಟ್ಟಿದ ವಾರ. ಕೊನೇ ಎರಡು, ಹುಟ್ಟಿದ ವರ್ಷ. ನಿನ್ನ ಗಾಡಿ ತಿಂಗಳಿಗೊಂದು ಸಲ ಓಡುತ್ತೆ, ಉಳಿದ ದಿನ ಬಿಸಿಲಲ್ಲಿ ನಿಂತಿರುತ್ತೆ. ಈ ಟೈರು ಸವೆದು ಸಾಯಲ್ಲ ತಂಗಿ, ನಿಂತಲ್ಲೇ ಮುದುಕಾಗಿ ಸಾಯುತ್ತೆ. ಮೇಲೆ ಗೆರೆ ಚೆನ್ನಾಗಿದೆ ಅಂತ ನಂಬಬೇಡ. ಹುಟ್ಟಿದ್ದು ಯಾವಾಗ ಅಂತ ಕೇಳು."

"ನನ್ನನ್ನೂ ಹೀಗೇ ಕೇಳ್ತೀರೇನೋ!"

"ನಿನಗೆ ಕೆನ್ನೆ ಮೇಲೆ ಬರೆದಿಲ್ಲವಲ್ಲ."

ಆ ಹೊತ್ತಿಗೇ ಕಾರ್ಖಾನೆಯಿಂದ ತಗಡಣ್ಣನಿಗೆ ಒಂದು ಕಾಗದ ಬಂತು. ಮೈದುನ ಅದನ್ನು ಗಟ್ಟಿಯಾಗಿ ಓದಿದ. ನಮ್ಮ ಗಾಡಿಗಳ ಅಡಿಭಾಗವನ್ನು ಅನುಮತಿಯಿಲ್ಲದೆ ಬದಲಾಯಿಸುತ್ತಿದ್ದೀರಿ, ಕೂಡಲೇ ನಿಲ್ಲಿಸತಕ್ಕದ್ದು, ಹೀಗೆ ಏನೇನೋ. ಮೈದುನನ ಮುಖ ಸಣ್ಣಗಾಯಿತು. ತಗಡಣ್ಣ ಕಾಗದ ಇಸಿದುಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದ.

"ಒಳ್ಳೇ ದಪ್ಪ ಕಾಗದ," ಎಂದವನೇ ಕತ್ತರಿ ತೆಗೆದು, ಉಂಗುರ ಉಂಗುರವಾಗಿ ಕತ್ತರಿಸಿ, ಗ್ರೀಸು ಸವರಿ, ತೊಟ್ಟಿಯ ಸಂದಿಗೆ ವಾಷರ್ ಮಾಡಿ ಕೂರಿಸಿದ. "ನಿಲ್ಲಿಸು ಅಂದ್ರಲ್ಲ. ನಿಂತಿತು ನೋಡು, ಒಂದು ಹನೀನೂ ಸೋರಲ್ಲ."

ಪೈಪಿಗೆ ಕಾವಲೆಂದು ಅವನು ಮಾಡಿದ್ದು ದಪ್ಪ ಕಬ್ಬಿಣದ ತಗಡು. ಇಬ್ಬರು ಎತ್ತಬೇಕಾದಷ್ಟು ಭಾರ. ಅದನ್ನು ಚಕ್ರಕ್ಕೂ ಪೈಪಿಗೂ ನಡುವೆ ನಿಲ್ಲಿಸಿ, ಪೈಪು ಹಿಡಿದಿದ್ದ ಪಟ್ಟಿಗಳಿಗೇ ಸೇರಿಸಿ ಬೋಲ್ಟು ಬಿಗಿದ. ಬಿಗಿದು, ಮತ್ತೆ ಬಿಗಿದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರ ಹಾಕಿ ಬಿಗಿದ. "ಇನ್ನು ಆನೆ ಒದ್ದರೂ ಅಲ್ಲಾಡಲ್ಲ," ಎಂದ.

"ಒದೆಸಿ ನೋಡೋಣ," ಎಂದಳು ಟಾರ್ಪಾಲಕ್ಕ.

"ಏನು?"

"ಇನ್ನೊಂದು ಟೈರು ಯಾವತ್ತು ಒಡೆಯುತ್ತೋ ಅಂತ ಕಾಯ್ತಾ, ಪ್ರತಿ ಸಲ ಜೀಪು ಹೊರಟಾಗ ಎದೆ ಹಿಡ್ಕೊಂಡು ಕೂರೋಕೆ ನನ್ನಿಂದ ಆಗಲ್ಲ. ಕೆಟ್ಟ ಟೈರು ಹಾಕಿ. ನಾವೇ ಒಡೆಸೋಣ."

ಮೈದುನ ಬಾಯಿ ಬಿಟ್ಟುಕೊಂಡು ನೋಡಿದ. "ಯಾರಾದ್ರೂ ತಮ್ಮ ಮನೆ ಟೈರು ತಾವೇ ಒಡೆಸ್ತಾರಾ ಅತ್ತಿಗೆ?"

"ನನ್ನ ಮನೆ. ನಾನು ಒಡೆಸ್ತೀನಿ."

* * *

ಊರಾಚೆ ಹೊಸದಾಗಿ ಹಾಕಿದ್ದ, ಇನ್ನೂ ಗಾಡಿ ಬಿಡದ ನೇರ ರಸ್ತೆಯೊಂದಿತ್ತು. ಟೈರ್ ಅಂಗಡಿಯವನು ಬಿಸಾಡಿದ ರಾಶಿಯಿಂದ ಹತ್ತು ವರ್ಷ ಹಳೆಯದೊಂದು ಟೈರು ಆರಿಸಿ, ಪಕ್ಕೆಯಲ್ಲಿ ಚಾಕುವಿನಿಂದ ಸಣ್ಣಗೆ ಗೀರಿ, ಬಲಗಡೆಗೆ ಹಾಕಿಕೊಟ್ಟ. ಒಳಗಿನ ಸಾಮಾನೆಲ್ಲ ಇಳಿಸಿ ಮರಳು ಮೂಟೆ ಹೇರಿದರು. ತೊಟ್ಟಿ ತುಂಬ ನೀರು. ಒಳಗೆ ಯಾರೂ ಕೂರಬಾರದೆಂದು ತಗಡಣ್ಣ ತಾನೇ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಮೈದುನ ಜೀಪು ಬಿಟ್ಟ. ಉಳಿದವರು ರಸ್ತೆ ಬಿಟ್ಟು ದೂರದ ದಿಬ್ಬದ ಮೇಲೆ ನಿಂತರು.

ಮೂರನೆಯ ಸುತ್ತಿನಲ್ಲಿ ಟೈರು ಒಡೆಯಿತು. ಪಟಪಟ ಎನ್ನುವ ಸದ್ದಿನ ನಡುವೆ ಕಬ್ಬಿಣದ ಕಿರುಚಾಟವೂ ಕೇಳಿತು. ಓಡಿ ಹೋಗಿ ನೋಡಿದರೆ ದಪ್ಪ ತಗಡು ಬಾಗಿರಲಿಲ್ಲ, ಸೀಳಿರಲಿಲ್ಲ. ಇದ್ದ ಹಾಗೇ ಹಿಂದಕ್ಕೆ ವಾಲಿತ್ತು. ವಾಲುವಾಗ ತಾನು ಹಿಡಿದುಕೊಂಡಿದ್ದ ಪೈಪನ್ನೂ ಪಟ್ಟಿಗಳನ್ನೂ ವಾಲ್ವನ್ನೂ ಬುಡಸಮೇತ ಕಿತ್ತುಕೊಂಡು ಹೋಗಿತ್ತು. ಹಿಂದೆಂದೂ ಇಷ್ಟು ಹಾಳಾಗಿರಲಿಲ್ಲ.

ಮೈದುನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ಅತ್ತಿಗೆ, ಮೂರನೇ ಸಲ. ನೀವೇ ಸರಿ ಅಂದಿದ್ರಿ," ಎಂದ.

"ಅಂದಿದ್ದೆ."

"ಮತ್ತೆ?"

"ಅಂದಿದ್ದೆ. ಈಗ ಇಲ್ಲ ಅಂತೀನಿ."

"ಮಾತು ಅಂದ್ರೆ ಮಾತು ಅಲ್ವಾ!"

"ಮಾತು ನಂದೇ, ಬಾಯೀನೂ ನಂದೇ. ಆವತ್ತು ಸಿಟ್ಟಲ್ಲಿ ಬಂತು, ಇವತ್ತು ಬುದ್ಧಿಯಿಂದ ಬರ್ತಿದೆ. ನೋಡಪ್ಪ, ನಿನ್ನ ಅಣ್ಣನಿಗೂ ನಾನು ಹೀಗೇ ಹೇಳ್ತಿದ್ದೆ. ಅವರು ಏನು ಮಾಡ್ತಿದ್ರು?"

ಮೈದುನನಿಗೆ ನಗು ಬಂತು, ತಡೆದುಕೊಂಡ. "ಚಹಾ ಮಾಡ್ಕೊಳ್ತಿದ್ದ," ಎಂದ. ಆಮೇಲೆ ನಗು ನಿಲ್ಲಿಸಿ, "ಜೆರಾಕ್ಸಿನವನಿಗೆ ನಾನು ದಿನ ಹೇಳಿಯಾಗಿದೆ. ಎಂಟು ದಿನ. ಇಟ್ಟಿಗೆ ತಗೊಂಡೇ ಬರ್ತಾನೆ. ಅಷ್ಟರೊಳಗೆ ಏನು ಮಾಡ್ತೀರೋ ಮಾಡಿ. ಅವನ ಎದುರು ನನಗೆ ಮಾತು ತಿರುಗಿಸೋಕೆ ಆಗಲ್ಲ, ನಿಮ್ಮಷ್ಟು ಧೈರ್ಯ ನನಗಿಲ್ಲ," ಎಂದ.

ತಗಡಣ್ಣ ಮಾತ್ರ ರಸ್ತೆಯ ಅಂಚಿನಲ್ಲಿ ಕೈ ಚೆಲ್ಲಿ ಕೂತುಬಿಟ್ಟಿದ್ದ. "ಎರಡು ಸಲ ನಿನ್ನ ಮನೆ ಕೆಡಿಸಿದೆ ತಂಗಿ," ಎಂದ. "ಕಾರ್ಖಾನೆಯವರು ಹಾಕು ಅಂದಿದ್ದಕ್ಕೆ ಒಂದು ಸಲ. ಯಾರೂ ಹೇಳದೇನೇ ಇನ್ನೊಂದು ಸಲ. ಬೇರೆ ಯಾರನ್ನಾದ್ರೂ ಕರೆಸು."

ಟಾರ್ಪಾಲಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. ಅವಳ ಕಣ್ಣು ಆ ತಗಡಿನ ಮೇಲೇ ಇತ್ತು.

"ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದ್ರಿ?" ಎಂದಳು.

"ಬಿಗಿ ಇಲ್ದಿದ್ರೆ ನಿಲ್ಲುತ್ತಾ?"

"ಮೂವತ್ತು ವರ್ಷದಿಂದ ಹರಿದ ಟಾರ್ಪಾಲು ಹೊಲೀತಿದೀನಿ ಅಣ್ಣ. ಹರಿದು ನನ್ನ ಹತ್ರ ಬರೋದೆಲ್ಲ ಯಾವುದು ಗೊತ್ತಾ? ಹೊಸ ಡ್ರೈವರುಗಳು ಡೋಲಿನ ಹಾಗೆ ಎಳೆದು ಕಟ್ಟಿದ್ದು. ಗಾಳಿ ಒಂದು ಸಲ ಹೊಡೆದ್ರೆ ಉಂಗುರದ ಸಮೇತ ಕಿತ್ತು ಬರುತ್ತೆ. ಹಳಬರು ಒಂದು ಗೇಣು ಸಡಿಲ ಬಿಡ್ತಾರೆ. ಗಾಳಿ ಬಂದ್ರೆ ಹಿಂದೆ ಹೋಗುತ್ತೆ, ಮತ್ತೆ ಮುಂದೆ ಬರುತ್ತೆ. ಅಂಥದ್ದು ನನ್ನ ಹತ್ರ ಬರೋದೇ ಇಲ್ಲ. ಆಮೇಲೆ ಇನ್ನೊಂದು. ಟಾರ್ಪಾಲನ್ನ ಯಾರಾದ್ರೂ ಅದು ಮುಚ್ಚಿರೋ ಮೂಟೆಗೇ ಕಟ್ತಾರಾ? ಲಾರಿಯ ಕೊಂಡಿಗೆ ಕಟ್ತಾರೆ. ನೀವು ಕಾವಲುಗಾರನನ್ನ ತಂದು ಮನೆಯವನ ಕುತ್ತಿಗೆಗೇ ಕಟ್ಟಿದೀರಿ."

ತಗಡಣ್ಣ ಎದ್ದ. "ಒಂಬತ್ತು ವರ್ಷ ಕಾರ್ಖಾನೇಲಿ, ಹತ್ತು ವರ್ಷ ಓಣೀಲಿ," ಎಂದ. "ಟಾರ್ಪಾಲು ಹೊಲಿಯೋರನ್ನ ಕೇಳಬೇಕು ಅಂತ ನನ್ನ ತಲೆಗೆ ಹೊಳೀಲೇ ಇಲ್ಲ."

"ಟಾರ್ಪಾಲು ಹೊಲಿಯೋರನ್ನ ಯಾರೂ ಏನೂ ಕೇಳಲ್ಲ ಬಿಡಿ."

* * *

ಜಲ್ಲಿ ಒಡೆಯುವ ಕ್ರಷರಿನಲ್ಲಿ ಕಲ್ಲು ಹೊರುವ ರಬ್ಬರ್ ಬೆಲ್ಟು ಇರುತ್ತದೆ, ಬೆರಳು ದಪ್ಪ, ಒಳಗೆ ಬಟ್ಟೆಯ ಪದರಗಳು. ಸವೆದು ತೆಗೆದಿಟ್ಟ ಅಂಥದ್ದೊಂದನ್ನು ತಗಡಣ್ಣ ಕೇಳಿ ತಂದ. ಅದನ್ನು ಕತ್ತರಿಸುವುದರಲ್ಲಿ ಎರಡು ದಿನ ಹೋಯಿತು. ಟಾರ್ಪಾಲಕ್ಕ ಅಂಚು ಮಡಚಲಿಲ್ಲ, ಅದು ಮಡಚುವಂಥದ್ದಲ್ಲ. ತೂತು ಕೊರೆದು, ಟಾರ್ಪಾಲಿಗೆ ಹಾಕುವ ಹಿತ್ತಾಳೆ ಉಂಗುರಗಳಲ್ಲೇ ಅತಿ ದೊಡ್ಡದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದಳು. ಅವಳ ಯಂತ್ರದ ಮೂರು ಸೂಜಿ ಮುರಿದು, ನಾಲ್ಕನೆಯದು ಬೆಲ್ಟು ಇಳಿಬಿಡುವ ಪಟ್ಟಿಗಳನ್ನು ಹೊಲಿದುಕೊಟ್ಟಿತು. ಬೆಲ್ಟನ್ನು ಗಾಡಿಯ ತೊಲೆಯಿಂದ, ಚಕ್ರಕ್ಕೂ ಪೈಪಿಗೂ ನಡುವೆ, ಎರಡೂ ಕಡೆ ಪರದೆಯ ಹಾಗೆ ಇಳಿಬಿಟ್ಟರು. ಕೆಳಗಿನ ತುದಿಗೆ ಸಡಿಲ ಸರಪಳಿ. ಅದರ ಹಿಂದೆ ಒಂದು ಗೇಣು ಜಾಗ ಬಿಟ್ಟು ತೆಳ್ಳಗಿನ ತಗಡು, ಅದೂ ತೊಲೆಗೇ. ಪೈಪನ್ನು ಯಾವುದೂ ಮುಟ್ಟುವ ಹಾಗಿರಲಿಲ್ಲ. ಕಿತ್ತುಹೋದ ಪೈಪುಗಳನ್ನು ಮತ್ತೆ ಜೋಡಿಸಿ, ವಾಲ್ವನ್ನು ತಗಡಣ್ಣ ಒಂದು ಮೊಳ ಒಳಗೆ ಸರಿಸಿದ.

ಆರನೆಯ ದಿನ ಅವನ ಬೆನ್ನು ಹಿಡಿದುಕೊಂಡಿತು. ಅಡಿಯಿಂದ ಹೊರಗೆ ಬರಲಾಗದೆ ಚಾಪೆಯ ಸಮೇತ ಎಳೆದು ತೆಗೆಯಬೇಕಾಯಿತು. ಉಳಿದ ಬೋಲ್ಟುಗಳನ್ನು ಟಾರ್ಪಾಲಕ್ಕನೇ ಮಲಗಿ ಹಾಕಿದಳು. ಹೊರಗಿನಿಂದ ಅವನು, "ಸಡಿಲ ಬಿಡು, ಸಡಿಲ ಬಿಡು," ಎನ್ನುತ್ತಿದ್ದ. "ನನಗೇ ಹೇಳಿಕೊಡ್ತೀರಾ?" ಎಂದು ಅವಳು ಒಳಗಿನಿಂದ.

ಎಂಟನೆಯ ದಿನ ಜೆರಾಕ್ಸಿನವನು ಬಂದ. ಹಿಂದೆ ಒಂದು ಗಾಡಿ ಇಟ್ಟಿಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಅಳತೆಯ ಟೇಪು. ಟಾರ್ಪಾಲಕ್ಕ ಅವನನ್ನೂ, ಅವನ ಇಟ್ಟಿಗೆಯನ್ನೂ ಅದೇ ರಸ್ತೆಗೆ ಕರೆದುಕೊಂಡು ಹೋದಳು.

"ನೋಡಿ ಸ್ವಾಮಿ, ಇನ್ನೊಂದು ಹಳೇ ಟೈರು ಹಾಕಿದೀವಿ, ಒಡೆಸ್ತೀವಿ. ಪೈಪು ಒಡೆದ್ರೆ ಇಲ್ಲೇ ಚಕ್ರ ಬಿಚ್ಚಿಕೊಳ್ಳಿ, ಸ್ಪ್ಯಾನರು ನಾನೇ ಕೊಡ್ತೀನಿ. ಒಡೀದಿದ್ರೆ ನಿಮ್ಮ ಇಟ್ಟಿಗೆ ನಿಮಗೆ. ಇನ್ನು ಯಾರೂ ಈ ಮನೆಗೆ ಬೆಲೆ ಕೇಳಬಾರದು."

"ಈ ಸಲ ಮಾತು ತಿರುಗಿಸ್ತೀರಾ ಅತ್ತಿಗೆ?" ಎಂದು ಮೈದುನ ಕಿವಿಯಲ್ಲಿ ಕೇಳಿದ.

"ಸೋತರೆ ಗ್ಯಾರಂಟಿ ತಿರುಗಿಸ್ತೀನಿ," ಎಂದಳು. ಆದರೆ ಇಟ್ಟಿಗೆಯನ್ನು ಕಣ್ಣಾರೆ ಕಂಡ ಮೇಲೆ ಅದು ಬರಿಯ ಮಾತಾಗಿ ಉಳಿದಿರಲಿಲ್ಲ.

ಹೊರಡುವ ಮುಂಚೆ ಅವಳು ತೊಟ್ಟಿಗಳಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಪೂರಾ ಒಂದು ಸೀಸೆ ಸುರಿದಳು. "ಒಂದು ಹನಿ ಬಿದ್ರೂ ಗೊತ್ತಾಗ್ಲಿ. ಆಮೇಲೆ ಅದು ಬೇರೆ ನೀರು ಅಂತ ಯಾರೂ ಹೇಳಬಾರದು, ನಾನೂ ಹೇಳಬಾರದು."

ಜೀಪು ಹೊರಟಿತು. ಒಂದು ಸುತ್ತು. ಎರಡು ಸುತ್ತು. ಜೆರಾಕ್ಸಿನವನು ಆಕಳಿಸಿದ. ಐದನೆಯ ಸುತ್ತಿನಲ್ಲಿ ಢಬ್! ಬೆನ್ನಿಗೇ ಪಟಪಟ ಅಲ್ಲ, ಒದ್ದೆ ಕಂಬಳಿಗೆ ಕೋಲಿನಿಂದ ಬಡಿದ ಹಾಗೆ ಧಪ್ಪ ಧಪ್ಪ ಎಂಬ ಮಂದ ಸದ್ದು. ಮೈದುನ ನಿಲ್ಲಿಸಿದ. ರಬ್ಬರಿನ ಹೊಗೆ ಎದ್ದಿತ್ತು.

ತಗಡಣ್ಣ ಬಗ್ಗುವ ಸ್ಥಿತಿಯಲ್ಲಿರಲಿಲ್ಲ. "ನೀನು ಹೋಗು," ಎಂದ. ಟೈರ್ ಅಂಗಡಿಯವನು ಗಾಡಿಯನ್ನು ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಮರದ ದಿಮ್ಮಿ ಕೊಟ್ಟ. ತಗಡಣ್ಣ ಬೀಗ ತೆಗೆದು ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದ. ಅಷ್ಟು ವರ್ಷ ಎಲ್ಲರ ಮನೆಯ ಅಡಿಯಲ್ಲಿ ಮಲಗಿದ್ದವನು ಅಂದು ಮೇಲೆ ನಿಂತಿದ್ದ, ಮೇಲೆ ನಿಲ್ಲುತ್ತಿದ್ದವಳು ಅಡಿಗೆ ಹೋದಳು.

ಬೆಲ್ಟಿನ ಮೈ ತುಂಬ ಬರೆ. ಒಂದು ಮೂಲೆ ಸೀಳಿ ನಾಲಗೆಯ ಹಾಗೆ ಇಳಿದಿತ್ತು. ಒಂದು ಉಂಗುರ ಹಾರಿಹೋಗಿತ್ತು. ಹಿಂದಿನ ತಗಡು ತಟ್ಟೆಯ ಹಾಗೆ ತಗ್ಗಾಗಿತ್ತು. ಅದರ ಹಿಂದೆ ಟಾರ್ಚು ಬಿಟ್ಟಳು. ಪೈಪು ಇತ್ತು. ಬೆರಳಿನಿಂದ ಸವರಿದಳು, ಇಡೀ ಉದ್ದಕ್ಕೂ. ಬರಿಯ ಧೂಳು. ನಂಬಿಕೆ ಬರದೆ ಸ್ಪ್ಯಾನರಿನಿಂದ ಮೇಲಕ್ಕೆ ಒಂದು ಸಲ ಕುಟ್ಟಿದಳು. ಮೇಲೆ ನಲ್ಲಿ ತಿರುಗಿದ ಸದ್ದು, ಆಮೇಲೆ ಹಿಮ್ಮಡಿಯ ಒಂದು ತುಳಿತ. ನೀರು ಅವಳ ಮೂಗಿನ ಮೇಲೆಯೇ ಪೈಪಿನೊಳಗೆ ಗುಳುಗುಳು ಎಂದು ಓಡಿ ತೊಟ್ಟಿಗೆ ಬಿತ್ತು. ಅವಳು ಕಾದಳು. ಹೊರಗೆ ಯಾರೋ ಏನೋ ಕೇಳಿದರು, ಉತ್ತರಿಸಲಿಲ್ಲ. ಮಾತಾಡಿದರೆ ಹನಿಯ ಸದ್ದು ಕೇಳುವುದಿಲ್ಲ. ಹನಿ ಇರಲಿಲ್ಲ.

ಹೊರಗೆ ಬಂದು ತನ್ನ ಎರಡು ಕೈಯನ್ನೂ ಜೆರಾಕ್ಸಿನವನ ಮುಖದ ಮುಂದೆ ಹಿಡಿದಳು. ಕಪ್ಪು, ಕಂದು, ತುಕ್ಕು ಎಲ್ಲ ಇತ್ತು.

"ನೀಲಿ ಎಲ್ಲಾದ್ರೂ ಕಾಣುತ್ತಾ ಸ್ವಾಮಿ?"

ಅವನು ಎರಡು ಹೆಜ್ಜೆ ಹಿಂದೆ ಸರಿದು ಅಂಗಿ ಕಾಪಾಡಿಕೊಂಡ. ಇಟ್ಟಿಗೆ ಗಾಡಿ ಬಂದ ದಾರಿಯಲ್ಲೇ ಹೋಯಿತು. ಮೈದುನ ಜೀಪಿನಿಂದ ಫ್ಲಾಸ್ಕು ತಂದು ಮುಚ್ಚಳದಲ್ಲಿ ಚಹಾ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟ. "ಮುಂದಿನ ನಿಲ್ದಾಣಕ್ಕೆ ಯಾವತ್ತು ಎಳೀಬೇಕು ಅಂತ ಹೇಳಿ," ಎಂದ, ಅಷ್ಟೇ.

"ಆ ಕೆಂಪು ಚುಕ್ಕೆ ಅಳಿಸಿಬಿಡಲಾ ಅಣ್ಣ? ಈಗ ತಪ್ಪು ಸರಿಹೋಯ್ತಲ್ಲ," ಎಂದು ಟಾರ್ಪಾಲಕ್ಕ ಕೇಳಿದಳು.

"ಮುಟ್ಟಬೇಡ!" ಎಂದ ತಗಡಣ್ಣ ಬಾಗಿಲಲ್ಲಿ ನಿಂತು. "ಸರಿ ಮಾಡಿದ್ದು ನಿನ್ನ ಬೆಲ್ಟು. ಅದು ಕಾಣುತ್ತೆ. ಹಾಳು ಮಾಡಿದ್ದೂ ಕಾಣ್ತಾ ಇರ್ಲಿ."

* * *

ಆಮೇಲೆ ಏಳು ವರ್ಷ ಟಾರ್ಪಾಲಕ್ಕನ ಮನೆ ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಅವಳು ಬಗ್ಗಿ ನೋಡಿದ ಗಾಡಿಗಳಿಗೆ ಲೆಕ್ಕವಿಲ್ಲ. ಹೊಲಿಯಲು ಬಂದ ಟಾರ್ಪಾಲನ್ನು ಬದಿಗಿಟ್ಟು, ಪಕ್ಕದಲ್ಲಿ ಬಂದು ನಿಂತ ಅಪರಿಚಿತರ ಮನೆಗಾಡಿಯ ಅಡಿಗೆ ಟಾರ್ಚು ಬಿಡುವಳು. "ಏನಮ್ಮಾ, ಏನು ಕಳೆದುಕೊಂಡ್ರಿ?" ಎಂದು ಅವರು ಕೇಳುವರು. "ನಾನಲ್ಲ, ನೀವು ಕಳೆದುಕೊಳ್ತೀರಿ," ಎನ್ನುವಳು. ಚುಕ್ಕೆ ಕಂಡರೆ ತಗಡಣ್ಣನಿಗೆ ಫೋನು. ಅವನಿಗೆ ಬರಲಾದರೆ ಬರುವನು, ಆಗದಿದ್ದರೆ ಫೋನಿನಲ್ಲೇ ಹೇಳಿ ಅವಳ ಕೈಯಿಂದಲೇ ಮಾಡಿಸುವನು. ಬೈದವರಿದ್ದಾರೆ, ನಕ್ಕವರಿದ್ದಾರೆ. ಕಾರ್ಖಾನೆಯಿಂದ ಇನ್ನೂ ಎರಡು ಕಾಗದ ಬಂದವು. ಎರಡೂ ವಾಷರಾದವು. ನಾಲ್ಕನೆಯದು ಬರಲಿಲ್ಲ. "ತೆಳ್ಳಗಿನ ಕಾಗದಕ್ಕೆ ಇಳಿದಿರಬೇಕು," ಎಂದ ತಗಡಣ್ಣ.

ಕೊನೆಯ ಸಲ ಅವಳು ಅವನ ಓಣಿಗೆ ಹೋದದ್ದು ಒಂದು ಬೆಳಗ್ಗೆ, ಮೈದುನ ಮನೆಯನ್ನು ಡಿಪೋದ ಪಕ್ಕಕ್ಕೆ ಎಳೆದು ತಂದು ಬಿಟ್ಟ ದಿನ. ಇನ್ನೊಂದು ಚುಕ್ಕೆ ಸಿಕ್ಕಿದೆ ಎಂದು ಹೇಳಲು ಹೋಗಿದ್ದಳು. ಶೆಡ್ಡಿನ ಮುಂದೆ ಆಂಬುಲೆನ್ಸು ನಿಂತಿತ್ತು. ಎದೆಯಲ್ಲಿ ನೀರು ತುಂಬಿದೆಯಂತೆ, ಉಸಿರು ಸಿಗುತ್ತಿಲ್ಲವಂತೆ ಎಂದು ಟೈರ್ ಅಂಗಡಿಯವನು ಹೇಳಿದ. ಇಬ್ಬರು ಸ್ಟ್ರೆಚರಿನಲ್ಲಿ ತಗಡಣ್ಣನನ್ನು ಹೊರಗೆ ತಂದರು. ಒಂದು ಪಾದದಲ್ಲಿ ಕಾಲುಚೀಲ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಎಲ್ಲಿ ಸಿಕ್ತು?" ಎಂದ ಅವಳನ್ನು ನೋಡಿ. ಅವಳಿನ್ನೂ ಏನೂ ಹೇಳಿರಲಿಲ್ಲ.

"ಹಳೇ ಸಂತೆ ಮೈದಾನದ ಹತ್ರ. ಎಡಗಡೆ. ಬೆಲ್ಟು ಕತ್ತರಿಸಿ ಇಟ್ಟಿದೀನಿ. ನೀವು ಬಂದ ಮೇಲೆ..."

"ಕಾಯಬೇಡ. ನೀನೇ ಹಾಕು."

ಸ್ಟ್ರೆಚರನ್ನು ಗಾಡಿಯೊಳಗೆ ನೂಕಲು ಹೊರಟವರನ್ನು ಅವನು ಕೈಯೆತ್ತಿ ತಡೆದ. ಬಾಗಿಲ ಕಂಬಿಯನ್ನು ಐದು ಬೆರಳಿನಿಂದ ಹಿಡಿದುಕೊಂಡ. "ತಡ ಮಾಡಬಾರದು ಯಜಮಾನ್ರೇ, ಕೈ ಬಿಡಿ," ಎಂದು ಅವರು ಬೇಡಿಕೊಂಡರು. ಬಿಡಲಿಲ್ಲ. ಉಸಿರಿಗೆ ಎದೆ ಏರಿ ಇಳಿಯುತ್ತಿತ್ತು. ಕಣ್ಣು ಮಾತ್ರ ಟಾರ್ಪಾಲಕ್ಕನ ಮೇಲೆ, ಆಮೇಲೆ ಅವಳ ಕಾಲ ಬಳಿಯಿದ್ದ ಆಂಬುಲೆನ್ಸಿನ ಹಿಂದಿನ ಚಕ್ರದ ಮೇಲೆ.

"ತಂಗಿ," ಎಂದ, "ಕೂತ್ಕೋ. ಟೈರಿನ ನಾಲ್ಕು ಅಂಕಿ ಓದಿ ಹೇಳು. ಹೇಳೋವರೆಗೂ ನಾನು ಇದನ್ನ ಹತ್ತಲ್ಲ."